ಪರದೆಯೊಳಗೆ ಸಾಹೇಬರು ಬಂದಾಗ

ಮೌಸಿನ ಮೇಲೆ ಯಾರ ಕೈಯೂ ಇಲ್ಲದೆ ಪರದೆಯ ಮೇಲಿನ ಬಾಣ ತಾನಾಗಿಯೇ ಓಡಾಡುವುದನ್ನು ಮೊದಲ ಸಲ ಕಂಡ ದಿನ, ತಿಕೋಟಾದ ಎಕ್ಸ್‌ರೇ ಖೋಲಿ ನೋಡಿಕೊಳ್ಳುವ ಮಲ್ಲಪ್ಪ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತು ಒಗೆದಿದ್ದ. ಆಮೇಲೆ ನನಗೆ ಫೋನು ಮಾಡಿದ.

"ಈರಪ್ಪ ಕಾಕಾ, ಇದರಾಗ ಯಾರೋ ಹೊಕ್ಕಾರ್ರಿ!"

"ಯಾರು ಹೊಕ್ಕಾರೋ?"

"ಗೊತ್ತಿಲ್ಲರಿ. ಬಾಣ ತಾನಽ ಅಡ್ಡಾಡಾಕತ್ತಿತ್ತು. ಗಂಗವ್ವನ ಮೊಣಕಾಲ ಫೋಟೋ ತಗದು ನೋಡಾಕತ್ತಿತ್ತು. ನಾ ಬಿಡ್ತೀನೇನ್ರಿ? ವಯರ್ ಕಿತ್ತು ಒಗದೀನಿ."

"ಲೇ ಮಲ್ಯಾ, ಹೊಕ್ಕವ್ರು ನಮ್ಮ ಡಾಕ್ಟರ್ ಸಾಹೇಬ್ರೋ! ನಿನ್ನಿ ಹೇಳಿದ್ನೆಲ್ಲೋ, ಇನ್ನ ಮ್ಯಾಲ ಅವರು ವಿಜಯಪುರದಾಗ ಕುಂತಽ ನಿನ್ನ ಪರದೆ ನೋಡ್ತಾರಂತ!"

ಮಲ್ಲಪ್ಪ ಸಣ್ಣ ದನಿಯಲ್ಲಿ ಹೇಳಿದ: "ಹೇಳಿದ್ರಿ ಖರೆ. ಚಪ್ಪಲಿ ಸಪ್ಪಳಾನೂ ಇಲ್ಲದಽ ಬರ್ತಾರಂತ ಹೇಳಿರಲಿಲ್ಲ."

ರಿಮೋಟ್ ಡೆಸ್ಕ್‌ಟಾಪ್ ಎಂದರೆ ಏನು ಎಂದು ನನ್ನನ್ನು ಯಾರಾದರೂ ಕೇಳಿದರೆ ನಾನು ಈ ಕಥೆಯನ್ನೇ ಹೇಳುತ್ತೇನೆ. ಒಂದೂರಿನ ಕಂಪ್ಯೂಟರಿನ ಪರದೆ ಇನ್ನೊಂದೂರಿನಲ್ಲಿ ಕಾಣುತ್ತದೆ. ಇಲ್ಲಿ ಮೌಸ್ ಆಡಿಸಿದರೆ ಅಲ್ಲಿ ಬಾಣ ಆಡುತ್ತದೆ. ಅಷ್ಟೇ. ಅದನ್ನು ತಯಾರು ಮಾಡುವವರು ಬೇರೆ, ಬಳಸುವವರು ಬೇರೆ. ಅವರಿಬ್ಬರ ನಡುವೆ ನಿಂತು, ಮಾಡಿದ್ದು ಸರಿ ಇದೆಯೋ ಇಲ್ಲವೋ ನೋಡುವುದು, ಬಳಸುವವರ ಮಾತು ಮಾಡುವವರ ಕಿವಿಗೆ ಮುಟ್ಟಿಸುವುದು ನನ್ನ ದುಡಿಮೆಯ ಕೊನೆಯ ವರ್ಷಗಳ ಕೆಲಸವಾಗಿತ್ತು. ಈಗ ನಿವೃತ್ತನಾಗಿ ತೊರವಿಯ ಮನೆಯಲ್ಲಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಆಗಾಗ ಬಂದು ಕೇಳುತ್ತಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಮ್ಮೆ ಬರೆದು ಇಡೋಣವೆಂದು ಕುಳಿತಿದ್ದೇನೆ.

ನಿಮ್ಮಲ್ಲಿ ಹೆಚ್ಚಿನವರು ಡಿಗ್ರಿ ಮುಗಿಸಿ ಬರುತ್ತೀರಿ. ನಾನು ಆರನೇ ಇಯತ್ತೆಗೆ ಸಾಲಿ ಬಿಟ್ಟವನು. ಬಿಡಿಸಿದವರು ಯಾರೂ ಇಲ್ಲ. ಮನೆಯಲ್ಲಿ ದುಡಿಯುವ ಕೈ ಬೇಕಾಗಿತ್ತು, ನನ್ನ ಕೈ ಖಾಲಿ ಇತ್ತು. ಅದಕ್ಕೆ ನನಗೆ ನಾಚಿಕೆಯಿಲ್ಲ. ಕೊಟ್ಟ ಕೆಲಸ ಅರ್ಧಕ್ಕೆ ಬಿಟ್ಟು ಮನೆಗೆ ಹೋದ ದಿನ ನನ್ನ ಜನ್ಮದಲ್ಲಿ ಇಲ್ಲ, ಇದನ್ನು ಎದೆ ತಟ್ಟಿ ಹೇಳುತ್ತೇನೆ.

ವಿಜಯಪುರದಲ್ಲಿ ನಮ್ಮ ಡಾಕ್ಟರ್ ಸಾಹೇಬರು ಎಕ್ಸ್‌ರೇ ಕೇಂದ್ರ ತೆರೆದಾಗ ಅವರ ಮೀಸೆ ಕರ್ರಗಿತ್ತು, ನನಗೆ ಮೀಸೆಯೇ ಬಂದಿರಲಿಲ್ಲ. ನನ್ನನ್ನು ಕತ್ತಲಕೋಣೆಗೆ ಹಾಕಿದರು. ಒಂದು ಕೆಂಪು ದೀಪ, ಔಷಧ ತುಂಬಿದ ತೊಟ್ಟಿಗಳು, ಒಣಹಾಕಲು ಒಂದು ತಂತಿ. ಫಿಲ್ಮನ್ನು ಔಷಧದಲ್ಲಿ ಅದ್ದಿ ತೆಗೆಯುವಾಗ ಎಲುಬು ನಿಧಾನವಾಗಿ ಮೂಡುವುದನ್ನು ನೋಡುವುದಿತ್ತಲ್ಲ, ಅದರ ಮುಂದೆ ಯಾವ ಸಿನಿಮಾನೂ ಇಲ್ಲ. ನಾನು ತೊಳೆದ ಫಿಲ್ಮಿನ ಮೇಲೆ ಬೆರಳಿನ ಗುರುತು ಇರುತ್ತಿರಲಿಲ್ಲ. ಸಾಹೇಬರು ಅದನ್ನು ಬೆಳಕಿಗೆ ಹಿಡಿದು "ಹೂಂ" ಎನ್ನುತ್ತಿದ್ದರು. ಅವರು ಬೈಯುವುದು ಓಣಿಗೆಲ್ಲ ಕೇಳಿಸುತ್ತಿತ್ತು. ಹೊಗಳುವುದೆಂದರೆ ಆ ಒಂದು "ಹೂಂ" ಮಾತ್ರ. ಆ ಹೂಂಕಾರಕ್ಕಾಗಿ ನಾನು ಎಷ್ಟೋ ಸಲ ಊಟ ಬಿಟ್ಟು ಕೆಲಸ ಮಾಡಿದ್ದೇನೆ.

ಆಮೇಲೆ ತಿಕೋಟಾದಲ್ಲೂ ಬಬಲೇಶ್ವರದಲ್ಲೂ ಒಂದೊಂದು ಎಕ್ಸ್‌ರೇ ಖೋಲಿ ತೆರೆದರು. ಒಣದ್ರಾಕ್ಷಿ ಶೆಡ್ಡಿನ ಮೇಲಿಂದ ಬಿದ್ದವರು, ಮೋಟರ್ ಸೈಕಲ್ಲಿನಿಂದ ಬಿದ್ದವರು, ಎತ್ತಿನಿಂದ ತುಳಿಸಿಕೊಂಡವರು ಇಪ್ಪತ್ತು ಮೂವತ್ತು ಕಿಲೋಮೀಟರು ಮುರಿದ ಕೈಕಾಲು ಹಿಡಿದುಕೊಂಡು ವಿಜಯಪುರಕ್ಕೆ ಬರುವುದು ತಪ್ಪಿತು. ಆದರೆ ಫೋಟೋ ನೋಡಿ ವರದಿ ಬರೆಯುವ ಡಾಕ್ಟರು ಒಬ್ಬರೇ, ಅವರು ಇರುವುದು ವಿಜಯಪುರದಲ್ಲಿ. ಹೀಗಾಗಿ ಫಿಲ್ಮುಗಳು ಚೀಲದಲ್ಲಿ, ಬಸ್ ಕಂಡಕ್ಟರನ ಕೈಯಲ್ಲಿ ಬರುತ್ತಿದ್ದವು. ಬಸ್ ಸ್ಟ್ಯಾಂಡಿನಲ್ಲಿ ನಾನು ಕಾಯುತ್ತಿದ್ದೆ. ಒಮ್ಮೆ ತಿಕೋಟಾದ ಚೀಲ ವಿರುದ್ಧ ದಿಕ್ಕಿನ ಬಸ್ಸು ಹತ್ತಿ ಅಥಣಿಗೆ ಹೋಯಿತು. ಮಣಿಕಟ್ಟು ಊದಿದ್ದ ಒಬ್ಬ ರೈತ, ಅದು ತಿರುಗಿ ಬರುವ ತನಕ ತಿಕೋಟಾದ ಬೆಂಚಿನ ಮೇಲೆ ಕುಳಿತು ಪೇರಲಹಣ್ಣು ತಿನ್ನುತ್ತ, "ನನ್ನ ಕೈ ನನಕಿಂತ ಮೊದಲ ಅಥಣಿ ನೋಡಿ ಬಂತಲ್ರಿ" ಎಂದು ಎಲ್ಲರಿಗೂ ಹೇಳಿದನಂತೆ.

ಫಿಲ್ಮ್ ಹೋಗಿ ಡಿಜಿಟಲ್ ಬಂತು. ಕತ್ತಲಕೋಣೆಯ ಕಿಟಕಿಗೆ ಬಡಿದಿದ್ದ ಹಲಗೆ ತೆಗೆದರು. ಎಷ್ಟೋ ವರ್ಷ ಕೆಂಪು ಬೆಳಕಿನಲ್ಲಿ ಕಂಡ ಗೋಡೆಗೆ ಹಸಿರು ಬಣ್ಣ ಇತ್ತೆಂದು ಅವತ್ತೇ ನನಗೆ ಗೊತ್ತಾದದ್ದು. ಸಾಹೇಬರು ಆ ಕೋಣೆಯಲ್ಲಿ ಕಂಪ್ಯೂಟರುಗಳನ್ನು ಇಡಿಸಿ, "ಈರಪ್ಪ, ಇವನ್ನ ನೀನಽ ನೋಡ್ಕೋಬೇಕು. ಬರೂದಿಲ್ಲಂದ್ರ ಕಲಿ" ಎಂದರು. ಕಲಿತೆ. ಹೇಗೆ ಕಲಿತೆ ಎಂದು ಕೇಳಬೇಡಿ. ಬಿಚ್ಚಿದೆ, ಜೋಡಿಸಿದೆ, ಬೈಸಿಕೊಂಡೆ, ಮತ್ತೆ ಬಿಚ್ಚಿದೆ.

ಕಂಪ್ಯೂಟರುಗಳು ಹಳೆಯವು. ಪೆನ್‌ಡ್ರೈವ್ ಮೂಲಕ ಮೇಲಿಂದ ಮೇಲೆ ವೈರಸ್ ಬರುತ್ತಿತ್ತು. ಆಗ ವೈರಸ್ಸಿನ ಕಾಟ ಕಡಿಮೆ ಇರುವ ಲಿನಕ್ಸ್ ಎಂಬ ವ್ಯವಸ್ಥೆ ಹಾಕಿಸಿದವನು ವಿನಾಯಕ. ಗೋಳಗುಮ್ಮಟದ ಹತ್ತಿರ, ಪ್ರವಾಸಿಗರಿಗೆ ಟೋಪಿ, ಕರಿ ಕನ್ನಡಕ ಮಾರುವ ಅಂಗಡಿಯ ಮಹಡಿಯ ಮೇಲೆ ಅವನದೊಂದು ಸಣ್ಣ ಕಂಪನಿ ಇತ್ತು. ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಒಂದು ರಿಮೋಟ್ ಡೆಸ್ಕ್‌ಟಾಪ್ ತಂತ್ರಾಂಶ ತೆಗೆದುಕೊಂಡು ಅವನು ನಮ್ಮ ಮೂರೂ ಊರಿಗೆ ಹೊಂದಿಸತೊಡಗಿದ. ಬಿಚ್ಚಿ ನೋಡಬಹುದು ಎಂದ ಕೂಡಲೇ ನನಗೆ ಅವನ ಮೇಲೆ ಪ್ರೀತಿ ಬಂತು.

"ಕಾಕಾ, ನೀವಽ ನಮ್ಮ ಟೆಸ್ಟರ್" ಎಂದ ಅವನು. ನಾನು ಕರೆಂಟು ನೋಡುವ ಟೆಸ್ಟರನ್ನು ಕಿಸೆಯಿಂದ ತೆಗೆದು ತೋರಿಸಿದೆ. "ಅದಲ್ರಿ, ನೀವಽ!" ಎಂದು ನಕ್ಕ.

ಮೊದಲ ತಿಂಗಳು ವಿನಾಯಕ ಒಂದು ವ್ಯವಸ್ಥೆ ಮಾಡಿದ್ದ. ಪ್ರತಿ ಸಲ ಕೆಲಸ ಮುಗಿದ ಮೇಲೆ ಪರದೆಯ ಮೇಲೆ "ಹೇಗಿತ್ತು?" ಎಂಬ ಪ್ರಶ್ನೆ ಬರುತ್ತಿತ್ತು, ಕೆಳಗೆ ಐದು ನಕ್ಷತ್ರ. ತಿಕೋಟಾ, ಬಬಲೇಶ್ವರ ಎರಡೂ ಕಡೆಯಿಂದ ಐದಕ್ಕೆ ಐದು. ನಾನು ಬೈಕ್ ತೆಗೆದುಕೊಂಡು ಹೋಗಿ ಬಾಯಿಮಾತಿನಲ್ಲಿ ಕೇಳಿದರೂ ಅದೇ: "ಛಲೋ ಐತ್ರಿ. ಚಾ ಕುಡೀರಿ." ವಿನಾಯಕ ಕುಣಿದಾಡಿದ. ಆದರೆ ಅದೇ ದಿನ ಸಂಜೆಗೆ ಮಲ್ಲಪ್ಪ ಫೋನಿನಲ್ಲಿ, "ಕಾಕಾ, ಇದು ಮುಂಜಾನಿಯಿಂದ ನಡದಽ ಇಲ್ಲರಿ" ಎನ್ನುತ್ತಿದ್ದ.

"ಮತ್ತ ಐದು ನಕ್ಷತ್ರ ಯಾಕ ಒತ್ತಿದಿ ಲೇ?"

"ಆ ಹುಡುಗ ಪಾಪ ಕಷ್ಟಪಟ್ಟು ಮಾಡ್ಯಾನಲ್ರಿ."

ಆಗ ವಿನಾಯಕನನ್ನು ಕೂರಿಸಿಕೊಂಡು ಹೇಳಿದೆ. "ತಮ್ಮಾ, ಮಂದಿ ಮನಿಗಿ ಉಣ್ಣಾಕ ಹೋಗಿರ್ತಿ. ಊಟಾ ಹೆಂಗಾಗೇತ್ರಿ ಅಂತ ಮನಿ ಯಜಮಾನ್ತಿ ಕೇಳ್ತಾಳ. ಪಲ್ಯಾಕ ಉಪ್ಪ ಇಲ್ಲಬೇ ಅಂತ ಹೇಳ್ತಿಯೇನು?"

"ಇಲ್ಲರಿ."

"ಮತ್ತ ಇವ್ರು ಹೆಂಗ ಹೇಳ್ತಾರ?"

ಅವತ್ತಿನಿಂದ ನಕ್ಷತ್ರ ತೆಗೆಸಿದೆವು. ನಮ್ಮ ಭಾಗದಲ್ಲಿ ಎದುರಿಗೆ ನಿಂತವನ ಕೆಲಸಕ್ಕೆ ಎದುರಿಗೇ ಹೆಸರಿಟ್ಟು ತಪ್ಪು ಹೇಳುವುದಿಲ್ಲ. ಅದು ಸುಳ್ಳಲ್ಲ, ಮರ್ಯಾದೆ. ಅದನ್ನು ತಿಳಿಯದೆ "ಹೇಗಿದೆ" ಎಂದು ಕೇಳುತ್ತ ತಿರುಗಿದರೆ ನಿಮಗೆ ಹೊಟ್ಟೆ ತುಂಬ ಚಹಾ ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ. ನಾನು ಕೇಳುವ ಪ್ರಶ್ನೆ ಬದಲಿಸಿದೆ. ಮಲ್ಲಪ್ಪನಿಗೆ, "ಇವತ್ತ ಇದನ್ನ ಯಾವಾಗ ಬೈದಿ?" ಎಂದು ಕೇಳತೊಡಗಿದೆ. ಅವನ ಮುಖ ಅರಳಿತು.

"ಮುಂಜಾನಿ ಬೈದೇನ್ರಿ. ಇದರ ಹೆಣಾ ಎತ್ಲಿ, ಪಾಸ್‌ವರ್ಡ್ ಸರಿ ಹೊಡದ್ರೂ ತಪ್ಪ ಅಂತಿತ್ತು. ಮಧ್ಯಾಹ್ನ ಮತ್ತೊಮ್ಮಿ ಬೈದೆ, ಅದಽ ರಗಳಿ."

ಆ ಬೈಗುಳದ ಜಾಡು ಹಿಡಿದು ಹೋದಾಗ ಗೊತ್ತಾದದ್ದು: ಸಾಹೇಬರು ವಿಜಯಪುರದಲ್ಲಿ ಕ್ಯಾಪ್ಸ್ ಲಾಕ್ ಒತ್ತಿಟ್ಟು ಎದ್ದು ಹೋದರೆ, ತಿಕೋಟಾದ ಕೀಲಿಮಣೆಯಲ್ಲೂ ಅದು ಒತ್ತಿಕೊಂಡೇ ಇರುತ್ತಿತ್ತು. ವಿನಾಯಕ ಅದನ್ನು ಮರುದಿನವೇ ಸರಿ ಮಾಡಿದ. ಐದು ನಕ್ಷತ್ರ ಹೇಳದಿದ್ದನ್ನು ಒಂದು ಬೈಗುಳ ಹೇಳಿತು.

ಇನ್ನೊಂದು ಪಾಠ ನಾನೂ ವಿನಾಯಕನೂ ಕೂಡಿಯೇ ಕಲಿತೆವು. ನೆಟ್ ನಿಧಾನವಾಗಿದ್ದಾಗ ಪರದೆಯೂ ತೆವಳುತ್ತಿತ್ತು. ಚಿತ್ರದ ಬಣ್ಣಗಳನ್ನು ಸ್ವಲ್ಪ ಕಡಿಮೆ ಮಾಡಿದರೆ ವೇಗ ಬರುತ್ತದೆ ಎಂದ ವಿನಾಯಕ. ಪರೀಕ್ಷೆಗೆ ಅವನ ಕಿಟಕಿಯಿಂದ ತೆಗೆದ ಗೋಳಗುಮ್ಮಟದ ಫೋಟೋ ಇಟ್ಟುಕೊಂಡೆವು. ಮೇಲೆ ನೀಲಿ ಆಕಾಶ, ಕೆಳಗೆ ಹಸಿರು ಹುಲ್ಲು, ಎಲ್ಲ ಚೊಕ್ಕ ಕಾಣಿಸಿತು, ಬಾಣ ಗಾಳಿಯಂತೆ ಓಡಿತು. ಸಾಹೇಬರಿಗೆ ಕೊಟ್ಟೆವು. ಅವರು ಬಬಲೇಶ್ವರದಿಂದ ಬಂದ ಒಂದು ಕಿರುಬೆರಳಿನ ಎಕ್ಸ್‌ರೇ ತೆರೆದು, ಕನ್ನಡಕ ಒರೆಸಿಕೊಂಡು, ಮತ್ತೆ ನೋಡಿ, ನಮ್ಮಿಬ್ಬರನ್ನೂ ಕರೆದರು.

"ಇದೇನೋ, ಎಲುಬಿಗಿ ಸುಣ್ಣಾ ಬಡದೀರೇನು? ಇದರಾಗ ಸೀಳು ಇದ್ರೂ ನನಗ ಕಾಣೂದಿಲ್ಲ."

ಮೂಲ ಚಿತ್ರವನ್ನೇ ತರಿಸಿ ನೋಡಿದಾಗ ಕೂದಲೆಳೆಯಷ್ಟು ಸೀಳು ಇತ್ತು. ಎಕ್ಸ್‌ರೇಯಲ್ಲಿ ಬಣ್ಣವೇ ಇಲ್ಲ, ಇರುವುದೆಲ್ಲ ಬೂದು ಛಾಯೆಗಳು. ನಾವು ಕಡಿಮೆ ಮಾಡಿದ್ದು ಆ ಛಾಯೆಗಳನ್ನೇ. ಗುಮ್ಮಟದ ಫೋಟೋ ನೋಡಿ ಎಲುಬಿನ ಪರೀಕ್ಷೆ ಮಾಡಿದವರು ಬಹುಶಃ ಲೋಕದಲ್ಲಿ ನಾವಿಬ್ಬರೇ. ಸಾಹೇಬರು ಬೈದರು, ಟೋಪಿ ಅಂಗಡಿಯವನಿಗೂ ಕೇಳಿಸುವ ಹಾಗೆ. ಯಾವ ವಸ್ತುವಿಗಾಗಿ ಮಾಡುತ್ತೀರೋ ಆ ವಸ್ತುವನ್ನೇ ಇಟ್ಟು ಪರೀಕ್ಷೆ ಮಾಡಬೇಕು, ಇದನ್ನು ನಿಮಗೂ ಹೇಳಿಟ್ಟಿರುತ್ತೇನೆ.

ತಿಕೋಟಾದಲ್ಲಿ ಇನ್ನೊಂದು ತಮಾಷೆ ನಡೆಯಿತು. ಮಲ್ಲಪ್ಪ ಒಬ್ಬ ಪೈಲ್ವಾನನ ಭುಜದ ಫೋಟೋ ತೆಗೆದು ಹೆಸರು ಬರೆಯುತ್ತಿದ್ದ. ಅದೇ ವೇಳೆಗೆ ಸಾಹೇಬರು ವಿಜಯಪುರದಿಂದ ಒಳಗೆ ಬಂದು ಹಿಂದಿನ ಪೇಶಂಟ್ ಗಂಗವ್ವನ ಕಡತ ಒತ್ತಿದರು. ಒಂದೇ ಬಾಣ, ಎರಡು ಕೈ. ಪೈಲ್ವಾನನ ಭುಜ ಗಂಗವ್ವನ ಹೆಸರಿಗೆ ಹೋಗಿ ಕುಳಿತುಕೊಂಡಿತು. ಸಾಹೇಬರು ಫೋನಿನಲ್ಲಿ ಕೇಳಿದರು: "ಮಲ್ಲಪ್ಪ, ಗಂಗವ್ವ ಏನ್ ಉಣ್ತಾಳೋ?" ತಪ್ಪು ಆ ಕೂಡಲೇ ಸಿಕ್ಕಿಬಿತ್ತು, ಯಾರಿಗೂ ತೊಂದರೆಯಾಗಲಿಲ್ಲ. ಆದರೆ ಅಲ್ಲಿ ಕುಳಿತವರು ಹೂಂ ಎನ್ನದೆ ಇಲ್ಲಿಂದ ಯಾರೂ ಒಳಗೆ ಹೋಗಬಾರದು ಎಂದು ಎಲ್ಲರಿಗೂ ಅನಿಸಿತು.

ಅದೇ ಸುಮಾರಿಗೆ ವಿನಾಯಕ ಹೊಸ ಲಿನಕ್ಸ್ ಹಾಕಿದ. ಹಾಕಿದ ದಿನ ಸಾಹೇಬರಿಗೆ ಪರದೆಯೆಲ್ಲ ಕಪ್ಪಗೆ ಕಂಡಿತು. "ಫೋಟೋ ಸುಟ್ಟಾನ" ಎಂದು ಅವರು ಮಲ್ಲಪ್ಪನಿಗೆ ಬೈದರು. ಆದರೆ ಅವನು ಅವತ್ತು ಇನ್ನೂ ಮಿಷನ್ನೇ ಶುರು ಮಾಡಿರಲಿಲ್ಲ. ವಿಷಯ ಏನೆಂದರೆ, ಹಳೆಯ ವ್ಯವಸ್ಥೆಯಲ್ಲಿ ಯಾವ ತಂತ್ರಾಂಶ ಬೇಕಾದರೂ ಪರದೆಯನ್ನು ಇಣುಕಿ ನೋಡಬಹುದಿತ್ತು. ಹೊಸದರಲ್ಲಿ ಹಾಗಿಲ್ಲ, ಕಂಪ್ಯೂಟರಿನ ಮುಂದೆ ಕುಳಿತವರು ಒಪ್ಪಿದರೆ ಮಾತ್ರ ತೋರಿಸುತ್ತದೆ. "ಇದು ಛಲೋನ ಆತಲ್ರಿ ಕಾಕಾ, ಪೈಲ್ವಾನನ ಕಥಿ ಮತ್ತ ಆಗೂದಿಲ್ಲ" ಎಂದ ವಿನಾಯಕ. ಪರದೆಯ ನಡುವೆ ಒಂದು ಚೌಕ ಬರುವಂತೆ ಮಾಡಿದ. ಅದರಲ್ಲಿ ಒಳಗೆ ಬರುವವರ ಹೆಸರಿನ ಸಮೇತ, "ಡಾಕ್ಟರ್ ನಿಮ್ಮ ಪರದೆ ನೋಡಲು ಅನುಮತಿ ಕೋರುತ್ತಿದ್ದಾರೆ" ಎಂದು ಇರುತ್ತಿತ್ತು. ಕೆಳಗೆ ಎರಡು ಬಟನ್: "ಅನುಮತಿಸು", "ನಿರಾಕರಿಸು". ಸ್ವಲ್ಪ ಹೊತ್ತು ಏನೂ ಒತ್ತದಿದ್ದರೆ ಚೌಕ ತಾನಾಗಿ ಹೋಗುತ್ತಿತ್ತು.

ತಿಕೋಟಾದಲ್ಲಿ ಚೆನ್ನಾಗಿ ನಡೆಯಿತು. ಬಬಲೇಶ್ವರದಲ್ಲಿ ಕೆಟ್ಟಿತು.

ಬಬಲೇಶ್ವರದ ಖೋಲಿ ನೋಡಿಕೊಳ್ಳುವವಳು ಶಶಿಕಲಾ. ಅದೇ ಊರಿನವಳು. ಮದುವೆಯಾದ ಮೇಲೆ ದಿನಾ ಬಸ್ಸಿನಲ್ಲಿ ವಿಜಯಪುರಕ್ಕೆ ಬಂದು ಎಕ್ಸ್‌ರೇ ಕೋರ್ಸು ಮುಗಿಸಿದವಳು. ಊರಲ್ಲಿ ಎಲ್ಲರೂ ಅವಳಿಗೆ "ಫೋಟೋ ಅಕ್ಕ" ಎನ್ನುತ್ತಿದ್ದರು. ಅವಳ ಕೆಲಸ ಎಷ್ಟು ಅಚ್ಚುಕಟ್ಟೆಂದರೆ ಸಾಹೇಬರು ಅವಳು ತೆಗೆದ ಚಿತ್ರಕ್ಕೆ ಎರಡು ಸಲ "ಹೂಂ" ಎಂದದ್ದನ್ನು ನಾನೇ ಕೇಳಿದ್ದೇನೆ, ನನಗೆ ಹೊಟ್ಟೆಕಿಚ್ಚೂ ಆಗಿತ್ತು. ಆದರೆ ಹೊಸ ಚೌಕ ಬಂದ ಮೇಲೆ ಸಾಹೇಬರು ಬಬಲೇಶ್ವರಕ್ಕೆ ಕಂಪ್ಯೂಟರಿನಿಂದ ಕರೆ ಹಚ್ಚಿದರೆ ಹೆಚ್ಚಿನ ಸಲ ಪರದೆ ತೆರೆಯುತ್ತಲೇ ಇರಲಿಲ್ಲ. ಅವರು ಬೇಸತ್ತು ಫೋನು ಮಾಡಿ, "ಏ, ಅದನ್ನ ಒತ್ತವಾ" ಎಂದು ಗದರಿದ ಮೇಲೆ ತೆರೆಯುತ್ತಿತ್ತು. ವರದಿಗಳು ತಡವಾದವು. ಕೈಗೆ ಟವೆಲ್ ಕಟ್ಟಿಕೊಂಡ ಮಂದಿ ಬಬಲೇಶ್ವರದ ಬೆಂಚಿನ ಮೇಲೆ ಕಾಯುತ್ತ ಕುಳಿತರು.

ವಿನಾಯಕನ ಕಂಪ್ಯೂಟರು "ಉತ್ತರ ಬರಲಿಲ್ಲ" ಎಂದಷ್ಟೇ ತೋರಿಸುತ್ತಿತ್ತು. ನೆಟ್ ಸರಿಯಿಲ್ಲ ಎಂದು ಅವನು ತೀರ್ಮಾನ ಮಾಡಿದ. ವಯರು ಬದಲಿಸಿದೆವು. ಬೇರೆ ಕಂಪನಿಯ ನೆಟ್ ಹಾಕಿಸಿದೆವು. ನಾನು ವಿಜಯಪುರದಿಂದ ಕರೆ ಹಚ್ಚಿ ನೋಡಿದರೆ ಪ್ರತಿ ಸಲ ತಟ್ಟನೆ ತೆರೆಯುತ್ತಿತ್ತು. ವಿನಾಯಕ ಹಚ್ಚಿದರೂ ತೆರೆಯುತ್ತಿತ್ತು. ಸಾಹೇಬರು ಹಚ್ಚಿದರೆ ಇಲ್ಲ. ಒಂದೇ ಕಂಪ್ಯೂಟರು, ಒಂದೇ ನೆಟ್.

ಸಾಹೇಬರು ಒಂದು ದಿನ ನನ್ನನ್ನು ಕರೆದು ಹೇಳಿದರು: "ಈರಪ್ಪ, ಸಾಕಾತು. ಈ ತಿಂಗಳ ಮುಗಿಯೋತನಾ ನೋಡ್ತೀನಿ. ಆಗಲಿಲ್ಲಂದ್ರ ಬಬಲೇಶ್ವರ ಖೋಲಿ ಮುಚ್ಚಿ ಮಿಷನ್ ಇಲ್ಲಿಗಿ ತರೂದ. ಆಕಿಗಿ ಇಲ್ಲೇ ಬಾ ಅಂತ ಹೇಳು."

ಆ ಮಾತು ಹೇಳಲು ಬೈಕಿನ ಮೇಲೆ ಹೋದೆ. ಶಶಿಕಲಾ ಕೇಳಿಸಿಕೊಂಡಳು, ಸ್ವಲ್ಪ ಹೊತ್ತು ಮಿಷನ್ನಿನ ಮೇಲಿನ ಬಟ್ಟೆ ಸರಿಪಡಿಸುತ್ತ ನಿಂತಳು.

"ನಾ ವಿಜಯಪುರಕ್ಕ ಬರೂದು ದೊಡ್ಡ ಮಾತಲ್ರಿ ಕಾಕಾ. ಬಿದ್ದವರೂ ಅಲ್ಲೀತನಾ ಬರಬೇಕಲ್ರಿ. ಮುರದ ಕಾಲ ತಗೊಂಡು ಟಂಟಂ ಆಟೋದಾಗ ಕುಂತು..." ಎಂದಳು. ಮತ್ತೆ ದನಿ ಗಟ್ಟಿ ಮಾಡಿಕೊಂಡು, "ಈ ಖೋಲಿ ತೆರದ ದಿವಸ ಬಾಗಲಾ ಮುಂದ ರಂಗೋಲಿ ಹಾಕಿದಾಕಿ ನಾನು. ಕೀಲಿ ಹಾಕೂದೂ ನನ್ನ ಕೈಲೇನಽ ಆಗಬೇಕೇನ್ರಿ?" ಎಂದಳು.

"ನೆಟ್ ಹೆಂಗೈತಿ ಬೇ?"

"ಛಲೋ ಐತ್ರಿ."

ಆ "ಛಲೋ ಐತ್ರಿ" ಕೇಳಿದ ಕೂಡಲೇ ನನಗೆ ನನ್ನದೇ ಪಾಠ ನೆನಪಾಯಿತು. ನಾನು ಮತ್ತೆ ಮತ್ತೆ ನೆಟ್ಟಿನ ಸುದ್ದಿಯನ್ನೇ ಕೇಳುತ್ತಿದ್ದೆ. ಅವಳಿಗೆ ಗೊತ್ತಿದ್ದುದನ್ನು ಅವಳು ಹೇಳುತ್ತಿದ್ದಳು, ನೆಟ್ ನಿಜವಾಗಿಯೂ ಛಲೋ ಇತ್ತು. ಅವತ್ತು ಹಿಂದಿರುಗಿ ಹೋಗುವುದನ್ನು ಬಿಟ್ಟು, ಮೂಲೆಯ ಸ್ಟೂಲಿನ ಮೇಲೆ, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ಈ ರೀತಿ ಕೂಡುವುದನ್ನು ನೀವು ಕಲಿಯಬೇಕು. ದುಡಿದ ಕೈಗೆ ಅದು ಬಹಳ ಕಷ್ಟ. ಎದುರಿಗೆ ಯಾರೋ ಬಟನ್ ಹುಡುಕುತ್ತಿದ್ದರೆ ಕೈ ತಾನಾಗಿ ಮುಂದೆ ಹೋಗುತ್ತದೆ, ಬಾಯಿ ತಾನಾಗಿ ಹೇಳಿಕೊಡುತ್ತದೆ. ಅಲ್ಲಿಗೆ ಪರೀಕ್ಷೆ ಕೆಟ್ಟಿತು. ಸುಮ್ಮನೆ ನೋಡಬೇಕು.

ಒಬ್ಬ ಮುದುಕನ ಪಾದದ ಫೋಟೋ ತೆಗೆದಳು. ಅವನನ್ನು ಹೊರಗೆ ಕೂರಿಸಿ ಬಂದು ಕಂಪ್ಯೂಟರಿನ ಮುಂದೆ ಕುಳಿತಳು. ಸ್ವಲ್ಪ ಹೊತ್ತಿಗೆ ಪರದೆಯ ನಡುವೆ ಚೌಕ ಮೂಡಿತು: ಡಾಕ್ಟರ್ ಅನುಮತಿ ಕೋರುತ್ತಿದ್ದಾರೆ.

ಶಶಿಕಲಾ ಎದ್ದು ನಿಂತಳು.

ಸೆರಗು ಸರಿಮಾಡಿಕೊಂಡಳು. ಮೌಸಿನಿಂದ ಕೈ ತೆಗೆದು, ಎರಡೂ ಕೈ ಮುಂದೆ ಕಟ್ಟಿಕೊಂಡು, ಪರದೆಯನ್ನೇ ನೋಡುತ್ತ ನಿಂತಳು. ಬಾಗಿಲಿಗೆ ಹಿರಿಯರು ಬಂದಾಗ ಸೊಸೆ ನಿಲ್ಲುತ್ತಾಳಲ್ಲ, ಹಾಗೆ. ಚೌಕ ಇತ್ತು, ಇತ್ತು, ಮಾಯವಾಯಿತು. ಅವಳು ಮತ್ತೆ ಕುಳಿತಳು.

ನನ್ನ ಕೈಗಳು ತೊಡೆಯ ಕೆಳಗೇ ಇದ್ದವು. ಬಾಯಿ ಮಾತ್ರ ತಡೆಯಲಿಲ್ಲ. "ಯಾಕ ಒತ್ತಲಿಲ್ಲ ಬೇ?"

"ಏನ್ ಒತ್ತಬೇಕಿತ್ರಿ?"

"ಅನುಮತಿಸು ಅಂತ ಇತ್ತಲ್ಲವಾ."

ಅವಳು ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದಳು. "ನಾ ಯಾರ್ರಿ ಕಾಕಾ ಸಾಹೇಬ್ರಿಗಿ ಅನುಮತಿ ಕೊಡಾಕ? ಅವರ ಖೋಲಿ, ಅವರ ಮಿಷನ್ನು. ಅವರಿಗಿ ನಾ ಹೂಂ ಬರ್ರಿ, ಪರವಾನಗಿ ಕೊಟ್ಟೀನಿ ಅನ್ನಲೇನ್ರಿ? ಮತ್ತ ಆ ಬಟನ್ನಿನ ಬಾಜೂಕಽ ನಿರಾಕರಿಸು ಅಂತ ಐತಿ. ಬೆರಳ ಜಾರಿ ಅದರ ಮ್ಯಾಲ ಬಿದ್ದರ? ಸಾಹೇಬ್ರನ್ನ ಬಾಗಲದಾಗಿಂದ ಹೊಳ್ಳಿ ಕಳಿಸಿದಂಗ ಆಗೂದಿಲ್ಲೇನು? ಮೊದಲೆಲ್ಲ ಅವರಽ ಬರ್ತಿದ್ರಲ್ರಿ. ಈಗೂ ಬರ್ತಾರ, ಏನರ ಕೆಲಸದಾಗ ಇರಬೇಕಂತ ನಿಂತಿರ್ತೀನಿ."

"ನಾನು, ವಿನಾಯಕ ಹಚ್ಚಿದಾಗ ಒತ್ತತೀ ಅಲ್ಲ?"

"ನೀವು ಕಾಕಾ, ಅವ ತಮ್ಮ. ನಿಮಗೇನ ಬರ್ರಿ ಅನ್ನಾಕ!"

ತಿಕೋಟಾದ ಮಲ್ಲಪ್ಪ ಯಾಕೆ ಒತ್ತುತ್ತಿದ್ದ ಎಂಬುದು ಆಗ ತಿಳಿಯಿತು. ಅವನು ಯಾರಿಗೂ ಎದ್ದು ನಿಂತವನಲ್ಲ. ತನ್ನ ಮದುವೆಯಲ್ಲಿ ಅಕ್ಷತೆಯ ಅಕ್ಕಿಕಾಳು ಬೀಳುವಾಗಲೂ ಕುಳಿತೇ ಇದ್ದನೆಂದು ಊರವರು ಹೇಳುತ್ತಾರೆ.

ಗೋಳಗುಮ್ಮಟದ ಹತ್ತಿರದ ಆ ಮಹಡಿಗೆ ಹೋಗಿ ವಿನಾಯಕನಿಗೆ ಹೇಳಿದೆ. ಅವನಿಗೆ ಮೊದಲು ನಗು, ಆಮೇಲೆ ಸಮಾಧಾನ. "ಅಬ್ಬಾ! ಹಂಗಂದ್ರ ನಮ್ಮ ಸಾಫ್ಟ್‌ವೇರ್ ಸರೀನ ಐತಿ. ತಪ್ಪು ಅಕ್ಕಾರದು. ಒತ್ತಬೇಕಂತ ಹೇಳಿ ಬರ್ರಿ, ಮುಗೀತು."

ನನಗೆ ಸಿಟ್ಟು ಬಂತು. "ಹೇಳಿದ್ರ ಒತ್ತತಾಳ. ಹೆದರಿಕೋಂತ ಒತ್ತತಾಳ. ಫೋನಿನ್ಯಾಗ ಸಾಹೇಬ್ರು ಗದರಿದಾಗೂ ಒತ್ತ್ಯಾಳಲ್ಲ, ಅದಕ್ಕ ಸರಿ ಅಂತಾರೇನು? ಮಿಷನ್ ಮ್ಯಾಲ ಪೇಶಂಟ್ ಇದ್ದಾಗೂ ಹಂಗಽ ಒತ್ತಿದ್ರ ಪೈಲ್ವಾನನ ಕಥಿ ಬಬಲೇಶ್ವರಕ್ಕ ಬರ್ತೈತಿ. ತಪ್ಪು ನೀ ಕೇಳಿದ ಪ್ರಶ್ನಿದಾಗ ಐತೋ ತಮ್ಮಾ. ನಮ್ಮ ಮನ್ಯಾಗ ಬಾಗಲಕ್ಕ ಬಂದವರಿಗಿ ಯಾರರ ಅನುಮತಿ ಕೊಡ್ತಾರೇನು?"

ವಿನಾಯಕ ಕಿಟಕಿಯ ಕಡೆ ನೋಡಿದ. ಅವನು ಒಳ್ಳೆಯ ಹುಡುಗ. "ಹಂಗಾರ ಏನಂತಾರ್ರಿ?" ಎಂದ.

"ಅದನ್ನ ನನಗ್ಯಾಕ ಕೇಳ್ತಿ? ಒತ್ತಾಕಿಗಿ ಕೇಳು."

ಆದರೆ ಮೊದಲು ಸಾಹೇಬರಿಗೆ ಹೇಳಬೇಕಿತ್ತು. ನಾನೇ ಹೋದೆ. ಎಲ್ಲ ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನಗ ಬರ್ರಿ ಅನ್ನಾಕ ಅಂಜಿದಳು?"

"ಹೂಂ ರಿ."

"ನಾ ಅಷ್ಟು ಬೈತೀನೇನೋ ಈರಪ್ಪ?"

ಇಷ್ಟು ವರ್ಷ ಅವರ ಕೈಕೆಳಗೆ ದುಡಿದಿದ್ದೇನೆ, ಸುಳ್ಳು ಹೇಳಿಲ್ಲ. "ಹೂಂ ರಿ" ಎಂದೆ.

ಅವರು ಬೈಯಲಿಲ್ಲ. ಕನ್ನಡಕ ಹಾಕಿಕೊಂಡು, "ಏನ್ ಮಾಡ್ತೀರೋ ಮಾಡ್ರಿ. ಸೋಮವಾರ ನೋಡ್ತೀನಿ. ಅವತ್ತೂ ಬಾಗಲಾ ತೆರೀಲಿಲ್ಲಂದ್ರ ಮಿಷನ್ ಇಲ್ಲಿಗೇ" ಎಂದರು.

ನಾವಿಬ್ಬರೂ ಬಬಲೇಶ್ವರಕ್ಕೆ ಹೋದೆವು. ಶಶಿಕಲಾ ತನ್ನಿಂದಲೇ ತಡವಾಯಿತೆಂದು ತಿಳಿದು ಮುಖ ಸಣ್ಣ ಮಾಡಿಕೊಂಡಿದ್ದಳು. ವಿನಾಯಕ ಅವಳ ಎದುರಿಗೆ ಲ್ಯಾಪ್‌ಟಾಪ್ ತೆರೆದು, "ಅಕ್ಕಾರ, ಸಾಹೇಬ್ರು ಖರೇನ ಈ ಬಾಗಲಕ್ಕ ಬಂದ್ರಂತ ತಿಳೀರಿ. ನೀವು ಏನಂತೀರಿ?" ಎಂದು ಕೇಳಿದ.

"ಬರ್ರಿ ಅಂತೀನಿ."

ಅವನು ಬರೆದುಕೊಂಡ. "ಅದಽ ವ್ಯಾಳ್ಯಾಕ್ಕ ಪೇಶಂಟ್ ಟೇಬಲ್ ಮ್ಯಾಲ ಇದ್ರ?"

ಅವಳು ಯೋಚಿಸಿದಳು. "ಒಂಚೂರು ತಡೀರಿ ಅನ್ನಬೇಕು..."

"ಅಂತೀರೇನು?"

"ಬಾಯಿಲೆ ನನ್ನ ಕೈಲೆ ಆಗೂದಿಲ್ಲ ತಮ್ಮಾ. ಬಟನ್ ಇದ್ರ ನೋಡೂಣು."

ಹೀಗೆ ಚೌಕದ ಮಾತು ಬದಲಾಯಿತು. "ಡಾಕ್ಟರ್ ಸಾಹೇಬರು ಬಂದಾರ" ಎಂದು ಮೇಲೆ. ಕೆಳಗೆ ಅಗಲವಾದ ಒಂದು ಬಟನ್: "ಬರ್ರಿ". ಅದಕ್ಕೆ ತಗಲದಂತೆ ದೂರದಲ್ಲಿ ಇನ್ನೊಂದು: "ಒಂಚೂರು ತಡೀರಿ, ಪೇಶಂಟ್ ಟೇಬಲ್ ಮ್ಯಾಲ ಅದಾರ". ಅದನ್ನು ಒತ್ತಿದರೆ ಆ ಮಾತೇ ವಿಜಯಪುರದ ಪರದೆಯ ಮೇಲೆ ಕಾಣುತ್ತದೆ. "ನಿರಾಕರಿಸು" ಎಂಬುದನ್ನು ಕಿತ್ತುಹಾಕಿದೆವು. ತಾನಾಗಿ ಮಾಯವಾಗುವುದನ್ನೂ ತೆಗೆದೆವು; ಬಂದವರು ಬಾಗಿಲಲ್ಲೇ ನಿಂತಿರುತ್ತಾರೆ. ನಾನು ವಿಜಯಪುರದಿಂದ ಹಚ್ಚಿ ನೋಡಿದೆ, ವಿನಾಯಕ ಹಚ್ಚಿ ನೋಡಿದ. ನಮ್ಮ ಪರೀಕ್ಷೆಯೆಲ್ಲ ಪಾಸು. ಆದರೆ ಅವೆಲ್ಲ ಗುಮ್ಮಟದ ಫೋಟೋ ಇದ್ದ ಹಾಗೆ, ಸಾಹೇಬರು ಹಚ್ಚುವ ತನಕ ಯಾವುದೂ ಲೆಕ್ಕಕ್ಕಿಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು.

ಸೋಮವಾರ ವಿಜಯಪುರದಲ್ಲಿ ಸಾಹೇಬರ ಕುರ್ಚಿಯ ಹಿಂದೆ ನಾನೂ ವಿನಾಯಕನೂ ನಿಂತೆವು. ಅವರು ಮೊದಲ ಕರೆ ಹಚ್ಚಿದರು. ಪರದೆ ತಟ್ಟನೆ ತೆರೆಯಿತು. ಒಬ್ಬ ಹೆಣ್ಣುಮಗಳ ಮಣಿಕಟ್ಟು, ಏನೂ ಆಗಿರಲಿಲ್ಲ. "ಹೂಂ" ಎಂದರು. ಎರಡನೆಯದೂ ತೆರೆಯಿತು. ವಿನಾಯಕ ನನ್ನ ಬೆನ್ನು ತಟ್ಟಿದ. ನಾನು ಅವನ ಕೈ ಸರಿಸಿದೆ.

ಮಧ್ಯಾಹ್ನದ ಹೊತ್ತಿಗೆ ಮತ್ತೆ ಹಚ್ಚಿದರು. ತೆರೆಯಲಿಲ್ಲ. ಸಾಹೇಬರ ಬೆರಳು ಮೇಜಿನ ಮೇಲೆ ತಾಳ ಹಾಕತೊಡಗಿತು. ಅವರ ಕುತ್ತಿಗೆ ಕೆಂಪಾಗುವುದನ್ನು ಹಿಂದಿನಿಂದ ನೋಡಿದೆ. ಓಣಿಗೆಲ್ಲ ಕೇಳಿಸುವ ಬೈಗುಳಕ್ಕೆ ಮುಂಚೆ ಅದು ಹಾಗೆ ಆಗುತ್ತದೆ. ವಿನಾಯಕ ಉಗುರು ಕಚ್ಚುತ್ತಿದ್ದ. ಬಬಲೇಶ್ವರದ ಖೋಲಿಗೆ ಕೀಲಿ ಬಿತ್ತೆಂದೇ ಅಂದುಕೊಂಡೆ.

ಆಗ ಪರದೆಯ ಮೇಲೆ ಅಕ್ಷರಗಳು ಮೂಡಿದವು.

"ಒಂಚೂರು ತಡೀರಿ, ಪೇಶಂಟ್ ಟೇಬಲ್ ಮ್ಯಾಲ ಅದಾರ."

ಸಾಹೇಬರು ಓದಿದರು. ಮತ್ತೊಮ್ಮೆ ಓದಿದರು. ಆ ಕೇಂದ್ರದಲ್ಲಿ ಅವರಿಗೆ "ತಡೀರಿ" ಎಂದವರು ಅವತ್ತಿನವರೆಗೆ ಯಾರೂ ಇರಲಿಲ್ಲ.

"ತಡೀ ಅಂದಾಳ" ಎಂದರು.

"ಹೂಂ ರಿ" ಎಂದೆ.

ತಾಳ ಹಾಕುತ್ತಿದ್ದ ಬೆರಳು ನಿಂತಿತು. ಕುರ್ಚಿಗೆ ಒರಗಿದರು. "ಹಂಗಾರ ತಡಿಯೂಣು. ಈರಪ್ಪ, ಮೂರು ಚಾ ಹೇಳು."

ಚಹಾ ಬಂತು. ಮೂವರೂ ಕುಡಿದೆವು. ಕಪ್ಪಿನ ತಳ ಕಾಣುವ ಹೊತ್ತಿಗೆ ಪರದೆ ತಾನಾಗಿ ತೆರೆಯಿತು. ಒಂದು ಸಣ್ಣ ಹುಡುಗನ ಮುಂಗೈ. ಎರಡು ಎಲುಬಿನಲ್ಲಿ ಒಂದಕ್ಕೆ ಓರೆಯಾಗಿ ಸೀಳು, ಹಸಿ ಕಟ್ಟಿಗೆ ಬಾಗಿ ಬಿರುಕು ಬಿಟ್ಟ ಹಾಗೆ. ಕೈ ಒಂದಿಷ್ಟೂ ಅಲುಗಾಡದೆ ತೆಗೆದಿದ್ದಳು. ಅಳುವ ಮಗುವನ್ನು ಸಮಾಧಾನ ಮಾಡಿ ಹಾಗೆ ಹಿಡಿದಿಡುವುದಕ್ಕೆ ಹೊತ್ತು ಬೇಕು. ಆ ಹೊತ್ತನ್ನು ಅವಳು ತೆಗೆದುಕೊಂಡಿದ್ದಳು. ಸಾಹೇಬರು ವರದಿ ಬರೆದರು. ಆಮೇಲೆ ಫೋನು ತೆಗೆದುಕೊಂಡು ಅವಳಿಗೇ ಹಚ್ಚಿದರು. ನಮಗೂ ಕೇಳಿಸಲೆಂದು ಸ್ಪೀಕರ್ ಹಾಕಿದರು.

"ಶಶಿಕಲಾ, ಮಿಷನ್ ಅಲ್ಲೇ ಇರ್ಲಿ. ಖೋಲಿ ಮುಚ್ಚೂದಿಲ್ಲ."

ಆ ಕಡೆಯಿಂದ ಮಗು ಬಿಕ್ಕುವುದಷ್ಟೇ ಕೇಳಿಸಿತು.

"ಕೇಳಿಸ್ತೇನವಾ? ಮುಂದಿನ ಪೇಶಂಟ್ ಕರಿ, ನಾ ನೋಡಾಕತ್ತೀನಿ."

"ಒಂಚೂರು ತಡೀರಿ ಸಾಹೇಬ್ರ" ಎಂದಳು ಶಶಿಕಲಾ, ಬಾಯಿಂದಲೇ. "ಹುಡಗನ್ನ ಟೇಬಲ್ ಮ್ಯಾಲಿಂದ ಇಳಸ್ತೀನಿ."